ಆಡು ತಿಂದ ಬನ

ಕೊಂಡವಾಡದೊಳಗೆ ಆಡುಗಳು ಗೋಡೆ ತಿನ್ನುತ್ತಿದ್ದವು.

ಗೋಡೆಯೆಂದರೆ ಗೋಡೆಗೆ ಅಂಟಿಸಿದ್ದ ಹಳೆಯ ಇಲೆಕ್ಷನ್ ಪೋಸ್ಟರು. ಮೊದಲು ಅಭ್ಯರ್ಥಿಯ ಮುಗಿದ ಕೈ ಹೋಯಿತು, ಆಮೇಲೆ ಶಾಲು ಹೋಯಿತು. ಈಗ ಚಂದವ್ವನ ಬಿಳಿ ಹೋತ ಹಿಂಗಾಲ ಮೇಲೆ ನಿಂತು ಅವನ ನಗುವನ್ನು ಕಿತ್ತು ಅಗಿಯುತ್ತಿತ್ತು. ಆ ಮಹಾಶಯನಿಂದ ಊರಿನವರ ಹೊಟ್ಟೆಗೆ ಏನಾದರೂ ಬಿದ್ದದ್ದು ಅದೇ ಮೊದಲು.

ಹಿಡಿದ ದನಕರು ಕೂಡಿಹಾಕುವ ಆ ಪಂಚಾಯ್ತಿ ದೊಡ್ಡಿಯ ಗೇಟಿನ ಹೊರಗೆ ಚಂದವ್ವ ಬೆಳಗಿನಿಂದ ಕುಂತಿದ್ದಳು. ಒಳಗೆ ನೆರಳಿಲ್ಲ. ನೀರಿನ ಕಲ್ಲಬಾನಿ ಒಡೆದು ಎಷ್ಟೋ ವರ್ಷವಾಗಿತ್ತು. ಗಬ್ಬಾಗಿದ್ದ ಕರಿ ಆಡು ಮೂಲೆಯಲ್ಲಿ ಬಿದ್ದು ಬಾಯಿ ತೆರೆದು ಉಸಿರು ಬಿಡುತ್ತಿತ್ತು. ನಿನ್ನೆ ಅವಳನ್ನು ಕಂಡು ಕೂಗಿತ್ತು. ಇವತ್ತು ಕಣ್ಣಷ್ಟೇ ಹೊರಳಿಸಿತು.

"ಮಡಿವಾಳಪ್ಪ ಕಾಕಾ, ಒಂದ್ ಕೊಡ ನೀರರ ಒಳಗ ಇಡ್ಲೇನ?"

ಪಂಚಾಯ್ತಿ ಸಿಪಾಯಿ ಮಡಿವಾಳಪ್ಪನ ಹತ್ತಿರ ಕೀಲಿ ಇತ್ತು, ಹುಕುಂ ಇರಲಿಲ್ಲ. ಆತ ಅತ್ತಿತ್ತ ನೋಡಿದ.

"ಇಡು. ನಾ ನೋಡಿಲ್ಲ. ಯಾರರ ಕೇಳಿದ್ರ ಮಳಿ ಬಂತಂತ ಹೇಳ್ತೇನಿ."

"ಮಿರಗಾ ನಕ್ಷತ್ರ ಇನ್ನೂ ಕೂಡಿಲ್ಲಲ್ಲೋ ಕಾಕಾ, ಎಲ್ಲೀ ಮಳಿ?"

"ಇಲ್ಲದ ಸಸಿ ನಿನ್ನ ಆಡು ತಿನ್ನಬಹುದು, ಇಲ್ಲದ ಮಳಿ ಬರಬಾರದೇನ?"

ಆಡುಗಳ ಮೇಲಿನ ಆರೋಪವೇ ಅದು. ಹಳ್ಳದ ದಂಡೆಯ ಬನದಲ್ಲಿ ಅರಣ್ಯ ಇಲಾಖೆಯವರು ಹೋದ ವರ್ಷ ನೆಟ್ಟ ಸಸಿಗಳನ್ನೆಲ್ಲ ಚಂದವ್ವನ ಆಡುಗಳು ತಿಂದು ಮುಗಿಸಿವೆ.

ಬನ ದೊಡ್ಡದೇನಲ್ಲ. ದೇವರ ಹಿಪ್ಪರಗಿಯಿಂದ ಬಾಗೇವಾಡಿ ಕಡೆ ಹೋಗುವ ಬಸ್ಸಿನಲ್ಲಿ ಕುಂತವರು ಒಂದು ಸಲ ಆಕಳಿಸುವಷ್ಟರಲ್ಲಿ ದಾಟಿಹೋಗುತ್ತದೆ. ಸುತ್ತಲೂ ಕಣ್ಣು ಹರಿಯುವ ತನಕ ಕರಿ ಎರೆಹೊಲ, ನಡುವೆ ಈ ಒಂದು ಕೆಂಪು ಗರಸುಮಣ್ಣಿನ ದಿಬ್ಬ. ಬಿತ್ತಿದರೆ ಏನೂ ಬೆಳೆಯದ ನೆಲ ಎಂದೇ ಅದು ಗಿಡಗಳ ಪಾಲಿಗೆ ಉಳಿದಿತ್ತು. ಜಾಲಿ, ಬೇವು, ಬಾರಿ, ಒಂದೆರಡು ಬನ್ನಿ. ಕಳೆ ತೆಗೆಯುವ ಹೆಂಗಸರು ಬುತ್ತಿ ಬಿಚ್ಚುವುದು ಅಲ್ಲೇ, ಕೂಸಿನ ಜೋಳಿಗೆ ಕಟ್ಟುವುದು ಅಲ್ಲಿಯ ಬನ್ನಿಯ ಟೊಂಗೆಗೇ. ಬಾರಿಹಣ್ಣು ಸಂತೆಗೆ ಹೋಗುತ್ತದೆ, ಒಣಗಿದ ಕಟ್ಟಿಗೆ ಒಲೆಗೆ. ನಸುಕಿನಲ್ಲಿ ತಂಬಿಗೆ ಹಿಡಿದು ಹೋದ ಹೆಂಗಸರ ಮಾನ ಕಾಯುವುದೂ ಆ ಬನವೇ. ಚಂದವ್ವನ ಗಂಡ ಧೂಳಪ್ಪ ಬೇಸಿಗೆಗೆ ಕುರಿ ಹಿಂಡು ಹೊಡೆದುಕೊಂಡು ಹೊಳೆಸಾಲಿಗೆ ಹೋದರೆ, ಮನೆಯಲ್ಲುಳಿದ ಆಡುಗಳನ್ನು ಬದುಕಿಸುವುದು ಅಲ್ಲಿ ಉದುರುವ ಜಾಲಿಕಾಯಿ.

ಇಲಾಖೆಯವರು ಅಲ್ಲಿ ನೆಟ್ಟದ್ದು ಒಂದು ಬೋರ್ಡು. ಅದರ ಬುಡಕ್ಕೆ ಒಂದು ಸಸಿ ಇಟ್ಟು, ನಾಲ್ಕೂ ದಿಕ್ಕಿನಿಂದ ಫೋಟೊ ಹೊಡೆದು, ಸಸಿಯನ್ನು ಮತ್ತೆ ಜೀಪಿಗೆ ಹಾಕಿಕೊಂಡು ಮುಂದಿನ ಊರಿಗೆ ಹೋಗಿದ್ದರು. ಬಡಪಾಯಿ ಸಸಿ ತಾಲೂಕೆಲ್ಲ ತಿರುಗಿ ಹೆಸರು ಮಾಡಿತು, ಬೇರು ಮಾತ್ರ ಬಿಡಲಿಲ್ಲ. ನೆಟ್ಟದ್ದು ಬೋರ್ಡು, ಚಿಗುರಿದ್ದು ಬಿಲ್ಲು.

ಆಡು ಹಿಡಿಯಲು ಬಂದ ದಿನ ಇಲಾಖೆಯ ಅರುಣಕುಮಾರನಿಗೆ ಚಂದವ್ವ ಕೈ ಮುಗಿದು ಕೇಳಿದ್ದಳು: "ಯಾವ ಸಸಿ ರೀ ಸಾಹೇಬ್ರ? ನಾ ದಿನಾ ಇಲ್ಲೇ ಇರ್ತೇನಲ್ರಿ. ಒಂದೂ ಕಂಡಿಲ್ಲ."

"ಹೆಂಗ ಕಾಣ್ತಾವ ಬಾಯಿ? ನಿನ್ನ ಆಡು ತಿಂದಾವಲ್ಲ!"

ಇಂಥ ಮಾತಿಗೆ ವಕೀಲರೂ ಬಾಯಿ ಮುಚ್ಚಬೇಕು.

ಹೊತ್ತು ಏರಿದ ಮೇಲೆ ಕೊಂಡವಾಡದ ಮುಂದೆ ಸಾಹೇಬಗೌಡನ ಬಿಳಿ ಗಾಡಿ ಬಂದು ನಿಂತಿತು. ಇವನ ಹೆಸರಿನಲ್ಲಿ ಸಾಹೇಬನೂ ಇದ್ದಾನೆ, ಗೌಡನೂ ಇದ್ದಾನೆ. ಊರವರ ಮುಂದೆ ಸಾಹೇಬನಾಗಿ, ಸಾಹೇಬರ ಮುಂದೆ ಗೌಡನಾಗಿ ಎರಡೂ ಪಂಕ್ತಿಯಲ್ಲಿ ಉಣ್ಣುತ್ತಾನೆ. ಹಿಂದಿನ ಸೀಟಿನಿಂದ ಅರುಣಕುಮಾರ ಇಳಿದ.

"ಏನ ಚಂದವ್ವಾ, ಮಾರಿ ಹಿಂಗ್ಯಾಕ ಸಣ್ಣ ಮಾಡೀದಿ?"

"ಗಬ್ಬದ ಆಡು ಐತ್ರಿ ಗೌಡ್ರ. ಇನ್ನೊಂದು ದಿನಾ ತಡದ್ರ ಸಾಯ್ತೈತ್ರಿ."

"ಹುಚ್ಚಿ, ಸರಕಾರದ ಕೂಡ ವಾದಾ ಮಾಡಿದ್ರ ಆಡು ಬದಕ್ತಾವೇನ? ಸಾಹೇಬ್ರು ಒಂದ ಮಾತ ಕೇಳ್ತಾರ, ನೀ ಹೌದ್ರಿ ಅನ್ನು. ದಂಡಾ ಗಿಂಡಾ ನಾ ಬಿಡಸ್ತೇನಿ. ಗೇಟ ತಗಸ್ತೇನಿ."

"ತಿಂದಿಲ್ಲಲ್ರಿ ಆದ್ರ."

"ತಿಂದಿಲ್ಲಂತ ಆಡು ಬಂದು ಸಾಕ್ಷಿ ಹೇಳ್ತಾವೇನ?" ಗೌಡ ನಕ್ಕ. "ಒಂದ ಹೌದ್ರಿಗೆ ನಿಂದೇನ ಗಂಟ ಹೋಗ್ತೈತಿ?"

ಅರುಣಕುಮಾರ ಮೊಬೈಲನ್ನು ಅವಳ ಮುಖಕ್ಕೆ ಹಿಡಿದ. "ಆಡು ತಿಂದು ಬನಾ ಎಲ್ಲಾ ಹಾಳಾಗೇತಿ, ಒಂದ ಗಿಡಾ ಉಳದಿಲ್ಲ. ಹೌದಿಲ್ಲೊ ಬಾಯಿ?"

ಪ್ರಶ್ನೆಯಲ್ಲಿ ಸಸಿ ಹೋಗಿ ಬನ ಬಂದದ್ದು ಚಂದವ್ವನ ಕಿವಿಗೆ ಬೀಳಲಿಲ್ಲ. ಅವಳ ಕಿವಿ ಕರಿ ಆಡಿನ ಉಬ್ಬಸದ ಮೇಲಿತ್ತು. ಮೇಲಾಗಿ, ಈ ಸೀಮೆಯ ಬಡವರ ಬಾಯಲ್ಲಿ ಹೌದ್ರಿ ಎಂಬುದು ಉತ್ತರವಲ್ಲ. ಬೀಳಲಿರುವ ಪೆಟ್ಟಿಗೆ ಅಡ್ಡ ಹಿಡಿಯುವ ಕೈ.

"ಹೌದ್ರಿ," ಅಂದಳು.

ಗೇಟು ತೆರೆಯಿತು. ಕರಿ ಆಡನ್ನು ಚಂದವ್ವ ಹೆಗಲ ಮೇಲೆ ಹೊತ್ತು ಮನೆಗೆ ತಂದಳು. ಅದು ದೀಪ ಹಚ್ಚುವ ಹೊತ್ತಿಗೆ ಕಂದು ಹಾಕಿತು. ಮೈಮೇಲೆ ಇನ್ನೂ ಕೂದಲು ಮೂಡದ ಎರಡು ಸತ್ತ ಮರಿ. ಒಂದನ್ನು ಆಡು ನೆಕ್ಕುತ್ತಲೇ ಇತ್ತು, ಬಿಡಲಿಲ್ಲ. ಮುಂಜಾನೆ ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಬನ್ನಿಯ ಬುಡದಲ್ಲಿ ಹೂಳಿ ಬಂದಳು.

ಮೂರು ಸಂಜೆ ಕಳೆದಿರಬೇಕು. ಪಕ್ಕದ ಮನೆಯ ಅಮೀನಾಬಿ ಮೊಬೈಲು ಹಿಡಿದುಕೊಂಡು ಬಾಗಿಲಿಗೆ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಚಂದಕ್ಕಾ, ಇದೇನ ಹೇಳೀದಿ ಇದರಾಗ? ಊರ ಮಂದಿ ಎಲ್ಲಾ ನೋಡಾಕತ್ತೈತಿ!"

ಪುಟ್ಟ ಪರದೆಯೊಳಗೆ ಚಂದವ್ವ ಚಂದವ್ವನನ್ನು ನೋಡಿದಳು. ಒಂದ ಗಿಡಾ ಉಳದಿಲ್ಲ, ಹೌದಿಲ್ಲೊ ಬಾಯಿ? ಹೌದ್ರಿ.

"ಸಸಿ ಅಂದ್ರು ಅನಕೊಂಡೆ ನಾ..."

"ಸಸಿ? ಹಳ್ಳದ ಕಡೆ ಹೋಗಿ ನೋಡು. ಜೆಸಿಬಿ ಬಂದು ನಿಂತೈತಿ. ನಾ ಕಟ್ಟಿಗಿ ತರಾಕ ಹೋದ್ರ, ಈ ಜಾಗಾ ಗೌಡ್ರಿಗೆ ಆಗೇತಿ, ಕಾಲ ಇಡಬ್ಯಾಡ ಅಂತಾರ. ಇನ್ನ ಒಲಿಗೆ ಏನ ಹಾಕ್ಲಿ, ನನ್ನ ಕೈ ಹಾಕ್ಲೇನ? ನಸಿಕಿನ್ಯಾಗ ಎಲ್ಲಿ ಹೋಗ್ಲಿ, ಗೌಡನ ವಾಡೇಕ ಹೋಗ್ಲೇನ?"

ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಂತಿದ್ದ ಮಡಿವಾಳಪ್ಪ ಬಾಯಿ ಬಿಟ್ಟ. ಪಂಚಾಯ್ತಿಯಲ್ಲಿ ಚಹಾ ಕೊಡುತ್ತಾ ಕೇಳಿಸಿಕೊಂಡ ಮಾತು ಅವನ ಹೊಟ್ಟೆಯಲ್ಲಿ ಹುಳಿಯಾಗಿತ್ತು.

"ಹೈವೇಕ ಗರಸು ಬೇಕಾಗೇತಿ, ಗುತ್ತಿಗಿ ಗೌಡಂದು. ನಿಡಗುಂದಿ ತನಕಾ ರೋಡ್ ಅಗಲ ಮಾಡಾಕತ್ತಾರಲ್ಲ. ಬನದ ಕೆಳಗ ಇರೂದೆಲ್ಲಾ ಗರಸ. ಗಿಡಾ ಇದ್ರ ಜಾಗಾ ಕೊಡಾಕ ಬರಾಂಗಿಲ್ಲ. ಗಿಡಾ ಕಡದ್ರ ಗೌಡನ ಮ್ಯಾಲ ಕೇಸ ಆಗ್ತೈತಿ. ಆಡು ತಿಂದಾವ ಅಂದ್ರ ಯಾರ ಮ್ಯಾಲ ಕೇಸ? ಆಡಿನ ಮ್ಯಾಲ! ಆಯ್ತಲ್ಲ. ಅರುಣಕುಮಾರ ವಿಡಿಯೋ ಮ್ಯಾಲಿನವ್ರಿಗೆ ಕಳಸ್ಯಾನ, ಬರಡ ಜಾಗಾ ಅಂತ ಹುಕುಂ ಬಂದೇತಿ. ನಾಡಿದ್ದ ಪರಿಸರ ದಿನಾ. ದೊಡ್ಡ ಸಾಹೇಬ್ರು ಬರ್ತಾರ. ಬನದ ಬದಲಿಗೆ ರೋಡಿನ ಬಾಜೂಕ ಹಚ್ಚಾಕ ಸಸಿ ಕೊಡ್ತಾರ, ಜೆಸಿಬಿ ಪೂಜಿ ಮಾಡ್ತಾರ."

ಚಂದವ್ವ ಮೊಬೈಲಿನೊಳಗಿನ ತನ್ನ ಮುಖವನ್ನು ಇನ್ನೂ ನೋಡುತ್ತಿದ್ದಳು. ಆ ಮುಖದ ಹಿಂದೆ, ಗೇಟಿನ ಸಂದಿಯಲ್ಲಿ, ಕರಿ ಆಡಿನ ಹೊಟ್ಟೆ ಏರಿಳಿಯುತ್ತಿತ್ತು. ಮೊದಲು ಅವಳಿಗೆ ನಾಚಿಕೆಯಾಯಿತು. ಆಮೇಲೆ ಆ ನಾಚಿಕೆಯೇ ಕಾದು ಕೆಂಡವಾಯಿತು.

"ನನ್ನ ಆಡಿನ ಹೊಟ್ಟಿ ಒತ್ತಿ ನನ್ನ ಬಾಯಾಗಿನ ಮಾತ ಹಿಂಡ್ಯಾರ ಭಾಡ್ಯಾಗೋಳು," ಅಂದಳು. ಅಮೀನಾಬಿಯ ಕಡೆ ತಿರುಗಿ ಕೇಳಿದಳು: "ಅಮೀನಾ, ನಿನ್ನ ಆಡು ಎಲ್ಲಿ ಮೇಯ್ತಾವ?"

"ನಿನ್ನ ಆಡಿನ ಬಾಜೂಕ. ಗೊತ್ತಿಲ್ಲೇನ ನಿನಗ?"

"ಮತ್ತ ನನ್ನ ಆಡು ಬನಾ ತಿನ್ನೂಮುಂದ ನಿನ್ನ ಆಡೇನ ರೋಜಾ ಹಿಡದಿದ್ದೂವೇನ?"

ಅಮೀನಾಬಿ ಕಣ್ಣು ಕಿರಿದು ಮಾಡಿ ನೋಡಿದಳು. ನಿಧಾನಕ್ಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುಂತಳು.

ಪರಿಸರ ದಿನ ಬಂತು. ಬಿಸಿಲು ಮಂದಿಯನ್ನು ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗಲು ಮಗ್ಗಲು ಸುಡುತ್ತಿತ್ತು. ಶಾಮಿಯಾನ ಹಾಕಿದ್ದರು, ಆದರೆ ಅದರ ಕೆಳಗೆ ಕಾವು ತಡೆಯಲಾಗದೆ ಕುರ್ಚಿಗಳನ್ನೆಲ್ಲ ಎತ್ತಿ ಬನದೊಳಗಿನ ದೊಡ್ಡ ಬೇವಿನ ನೆರಳಿಗೆ ತಂದಿದ್ದರು. ಬ್ಯಾನರು ಕಟ್ಟಲು ಎರಡು ಜಾಲಿಗೆ ಮೊಳೆ ಹೊಡೆದಿದ್ದರು. ಬರಡು ಭೂಮಿ ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಹಾರ ಹಾಕಿಸಿಕೊಂಡ ಜೆಸಿಬಿ ಬಕೆಟ್ಟನ್ನು ನೆಲಕ್ಕೂರಿ ಮದುಮಗನ ಹಾಗೆ ಕಾದಿತ್ತು. ಪಕ್ಕದಲ್ಲಿ ಟ್ರ್ಯಾಕ್ಟರಿನ ಟ್ರೇಲಿ, ಅದರ ತುಂಬ ಸಸಿ. ದೊಡ್ಡ ಸಾಹೇಬರು ಬರುತ್ತಾರೆಂದು ಈ ಸಲ ನಿಜವಾದ ಸಸಿಯನ್ನೇ ತಂದಿದ್ದರು.

ಅರುಣಕುಮಾರ ಮೈಕು ಹಿಡಿದ.

"ಈ ಜಾಗದಲ್ಲಿ ಒಂದು ಕಾಲಕ್ಕೆ ಸುಂದರವಾದ ಬನ ಇತ್ತು..."

ಮೇಲಿನಿಂದ ಒಂದು ಬೇವಿನ ಹಣ್ಣು ಅವನ ನೆತ್ತಿಗೆ ಬಿತ್ತು. ಒರೆಸಿಕೊಂಡು ಮುಂದುವರಿಸಿದ.

"ಆದರೆ ಮಿತಿಮೀರಿದ ಆಡುಗಳ ಹಾವಳಿಯಿಂದ ಇವತ್ತು ಇಲ್ಲಿ ಒಂದೇ ಒಂದು ಗಿಡ..."

ಗಂಟೆ ಸದ್ದು ಕೇಳಿಸಿತು. ಊರ ಕಡೆಯ ಹಾದಿಯಲ್ಲಿ ಧೂಳೆದ್ದಿತ್ತು. ಮುಂದೆ ಚಂದವ್ವ, ಅವಳ ಬಿಳಿ ಹೋತ, ಕರಿ ಆಡು. ಹಿಂದೆ ಅಮೀನಾಬಿ. ಅವಳ ಹಿಂದೆ ಊರಿನ ಹೆಂಗಸರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಗ್ಗ, ಹಗ್ಗಕ್ಕೊಂದು ಆಡು. ಕೆಲವರ ಗಂಡಂದಿರೂ ಹಿಂದಿನಿಂದ ಮರಿ ಎತ್ತಿಕೊಂಡು ಬರುತ್ತಿದ್ದರು.

"ಏನಮ್ಮ ಇದೆಲ್ಲ?" ದೊಡ್ಡ ಸಾಹೇಬರು ಕುರ್ಚಿಯಲ್ಲೇ ಮುಂದೆ ಬಾಗಿದರು. ಅವರದು ಮೈಸೂರ ಕಡೆಯ ಮಾತು.

"ಕಳ್ಳರನ್ನ ಹಿಡಕೊಂಡ ಬಂದೇವ್ರಿ," ಅಂದಳು ಅಮೀನಾಬಿ. "ನಮ್ಮಾಡೂ ತಿಂದಾವ್ರಿ. ಕೊಂಡವಾಡಕ್ಕ ಹಾಕ್ರಿ."

"ನಮ್ಮೂವೂ ತಿಂದಾವ್ರಿ!"

"ನಮ್ಮ ಹೋತಾ ಬನ್ನಿಗಿಡಾ ಬೇರ ಸುದ್ದ ನುಂಗೇತ್ರಿ!"

ಮುದುಕಿ ರಾಮವ್ವ ಎದೆಗವಚಿಕೊಂಡಿದ್ದ ಎಳೆಮರಿಯನ್ನು ಎತ್ತಿ ತೋರಿಸಿದಳು. "ನಂದ ಇದೊಂದ ಐತ್ರಿ ಸಾಹೇಬ್ರ. ಇನ್ನೂ ಹುಲ್ಲ ಕಡಿಯಾಕ ಬರೂದಿಲ್ಲ. ಇದೂ ಎರಡ ಜಾಲಿಗಿಡಾ ತಿಂದೈತ್ರಿ. ಬಿಡಬ್ಯಾಡ್ರಿ ಇದನ್ನ."

ನಗು ಎದ್ದಿತು. ಸಾಹೇಬಗೌಡನಿಗೆ ನಗು ಬರಲಿಲ್ಲ. "ಮಡಿವಾಳ್ಯಾ! ಹೊರಗ ಹಾಕ ಇವರ್ನ!"

"ಕೊಂಡವಾಡ ಸಾಲೂದಿಲ್ಲ ಬಿಡ್ರಿ ಗೌಡ್ರ," ಅಂದ ಮಡಿವಾಳಪ್ಪ, ಕೀಲಿಗೊಂಚಲು ಅಲ್ಲಾಡಿಸುತ್ತ. "ನಿಮ್ಮ ವಾಡೇದ ಹಿತ್ತಲಾ ಖಾಲಿ ಐತೇನ್ರಿ?"

ಗೌಡ ಚಂದವ್ವನ ಕಡೆ ತಿರುಗಿದ. "ಏ ಚಂದವ್ವಾ, ನೀನ ಹೌದ್ರಿ ಅಂದೀದಿ. ವಿಡಿಯೋ ಐತಿ, ಮರತಿ ಏನ?"

"ಅಂದೇನ್ರಿ." ಅವಳು ಬನ್ನಿಯ ಕಡೆ ಕೈ ಮಾಡಿದಳು. "ಆಡು ಸಾಯಾಕತ್ತಿತ್ತು, ಅಂದೆ. ಆ ಬನ್ನಿ ಬುಡಕ ಎರಡ ಮರಿ ಹೂತೇನಿ. ಅವುಗೋಳ ಕೂಡ ಆ ಹೌದ್ರಿನೂ ಹೂತೇನಿ. ಇವತ್ತ ಯಾರೂ ನನ್ನ ಕುತಗಿ ಹಿಡದಿಲ್ಲ, ಹೇಳ್ತೇನಿ ಕೇಳ್ರಿ: ಸುಳ್ಳು. ಸಸಿನೂ ಸುಳ್ಳು, ತಿಂದದ್ದೂ ಸುಳ್ಳು."

"ನೋಡಮ್ಮ, ಇಲ್ಲಿ ಬನ ಇಲ್ಲ ಅಂತ ವರದಿ ಇದೆ," ಅಂದರು ದೊಡ್ಡ ಸಾಹೇಬರು.

"ಹಂಗಾದ್ರ ನೀವು ಯಾರ ನೆಳ್ಳಾಗ ಕುಂತೀರಿ?"

ಸಾಹೇಬರ ಕತ್ತು ತಾನಾಗಿ ಮೇಲೆ ಹೋಯಿತು. ಎಲೆಯ ಸಂದಿಯಲ್ಲಿ ಒಂದು ಗಿಳಿ ಹಣ್ಣು ಚೀಪುತ್ತಿತ್ತು.

"ಇಲ್ಲದ ಗಿಡದ ನೆಳ್ಳಾಗ ಕುಂದ್ರಬಾರದ್ರಿ," ಅಂದಳು ಚಂದವ್ವ. "ಬರ್ರಿ, ಬಿಸಲಿಗೆ ಬರ್ರಿ."

ಹೆಂಗಸರು ಕಾಯಲಿಲ್ಲ. ಒಬ್ಬಳು ಕುರ್ಚಿಯ ಬೆನ್ನಿಗೆ ಕೈ ಹಾಕಿದಳು, ಇನ್ನೊಬ್ಬಳು ಟೇಬಲ್ಲಿಗೆ. ಬಿಳಿ ಬಟ್ಟೆ ಹೊದ್ದ ಕುರ್ಚಿಗಳು ಒಂದೊಂದಾಗಿ ಹೊರಟು ಎರೆಹೊಲದ ನಡುವೆ ಹೋಗಿ ನಿಂತವು. ದೊಡ್ಡ ಸಾಹೇಬರು, ಗೌಡ, ಹಾರ, ತುರಾಯಿ ಎಲ್ಲ ಬಿಸಿಲಿಗೆ ಬಂದರು. ಖಾಲಿಯಾದ ನೆರಳಿನಲ್ಲಿ ಹೆಂಗಸರು ಜೆಸಿಬಿಗೆ ಮುಖ ಮಾಡಿ ಕುಂತರು. ರಾಮವ್ವ ಸೀದಾ ಹೋಗಿ ಬಕೆಟ್ಟಿನೊಳಗೆ ಇಳಿದು, ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಅಡಿಕೆಯ ಸಂಚಿ ಬಿಚ್ಚಿದಳು. ಡ್ರೈವರು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು, "ನಾ ಏನ ಮಾಡ್ಲಿ ಮಾಲಕ್ರ, ಆಯಿ ಕುಂತಾಳ," ಅಂದ.

"ಇನ್ನೊಂದು ವರದಿ ತರಿಸ್ತೀನಿ," ಎಂದು ದೊಡ್ಡ ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

"ತರಸ್ರಿ. ಅಲ್ಲೀತನಕಾ ನಾವು ಇಲ್ಲೇ ಕುಂದರ್ತೇವಿ."

ಈ ಗದ್ದಲದಲ್ಲಿ ಹಗ್ಗ ಯಾವಾಗ ಸಡಿಲಾದವೋ, ಯಾರು ಸಡಿಲಿಸಿದರೋ. ಕರಿ ಆಡು ಟ್ರೇಲಿಯ ಅಂಚಿಗೆ ಮುಂಗಾಲು ಕೊಟ್ಟು ಮೊದಲ ಸಸಿಯ ತುದಿ ಕಿತ್ತಿತು. ಅದರ ಹಿಂದೆ ಬಿಳಿ ಹೋತ. ಅದರ ಹಿಂದೆ ಊರಿನ ಆಡೆಲ್ಲ. ಇಲಾಖೆಯ ಹಸಿರು ಕರಕರ ಸದ್ದು ಮಾಡುತ್ತ ಕರಗತೊಡಗಿತು.

"ಹೇ! ಹೇ! ಸಸಿ ತಿನ್ನಾಕತ್ತಾವು!" ಅರುಣಕುಮಾರ ಬಡಿಗೆ ಹಿರಿದು ಓಡಿದ.

ಚಂದವ್ವ ಅಡ್ಡ ಬಂದು ಬಡಿಗೆಯ ತುದಿಯನ್ನು ಕೈಯಲ್ಲಿ ಹಿಡಿದಳು. ಬಿಡಲಿಲ್ಲ.

"ಹೊಡಿಬ್ಯಾಡ್ರಿ ಸಾಹೇಬ್ರ. ಮೊಬೈಲ್ ತಗೀರಿ. ನಾನೂ ಬಾಜೂಕ ನಿಲ್ತೇನಿ, ನನ್ನ ಮಾರಿನೂ ಬರ್ಲಿ. ಈಗ ತಿನ್ನಾಕತ್ತಾವ ನೋಡ್ರಿ," ಅಂದಳು. "ಈಗ ಬರಕೊಳ್ರಿ."