ನೀರಿನ ಕಡೆಯವರು

ನಮ್ಮ ಮೊಹಲ್ಲಾದಲ್ಲಿ ಮೀಟರಿಗೆ ಸಿಗುವಷ್ಟು ಗೌರವ ಮನುಷ್ಯರಿಗೆ ಸಿಗುವುದಿಲ್ಲ. ಕರೆಂಟಿನ ಮೀಟರನ್ನು ಯಾರೂ ಮುಟ್ಟಬಾರದೆಂದು ಬೀದಿಯ ಕಂಬದ ತುದಿಗೆ ಏರಿಸಿದ್ದಾರೆ. ಅದರ ಅಂಕಿಗಳನ್ನು ಓದುವ ಭಾಗ್ಯ ಪಾರಿವಾಳಗಳಿಗೆ ಮಾತ್ರ. ನೀರಿನ ಮೀಟರಿನದು ಇನ್ನೂ ದೊಡ್ಡ ಪದವಿ. ನಮ್ಮ ನೆರೆಯ ಹೋಸಿಯತಳ ಮನೆಯ ಮೀಟರನ್ನು ತಪಾಸಣೆಗೆಂದು ಬಿಚ್ಚಿ ಒಯ್ದವರು, ಏಪ್ರಿಕಾಟ್ ಹೂಬಿಟ್ಟು, ಕಾಯಾಗಿ, ಹಣ್ಣಾಗಿ, ಚಾವಣಿಯ ಮೇಲೆ ಒಣಗಿದರೂ ಹಿಂದಕ್ಕೆ ತರಲಿಲ್ಲ. ಹಜ್ಜಿಗೆ ಹೋದವರು ಅದಕ್ಕಿಂತ ಬೇಗ ಬರುತ್ತಾರೆ.

ಮೀಟರ್ ಇಲ್ಲದ ಮನೆಗೆ ನೀರಿನ ಕಚೇರಿಯಲ್ಲಿ ಬೇರೆ ಲೆಕ್ಕವಿದೆ. ತಲೆಗೆ ಇಷ್ಟು, ಹಸುವಿಗೆ ಇಷ್ಟು, ಸ್ನಾನದ ಮನೆಗೆ ಇಷ್ಟು, ಕಾರು ತೊಳೆಯಲು ಇಷ್ಟು, ಕೈತೋಟಕ್ಕೆ ಇಷ್ಟು ಎಂದು ಕೂಡಿಸಿ ಮೊತ್ತ ಕಟ್ಟುತ್ತಾರೆ. ನೀವು ನಲ್ಲಿ ತಿರುಗಿಸಿದಿರೋ ಇಲ್ಲವೋ ಎಂಬುದು ನಿಮಗೂ ದೇವರಿಗೂ ಬಿಟ್ಟ ವಿಷಯ. ಕಚೇರಿ ನಡುವೆ ಬಾಯಿ ಹಾಕುವುದಿಲ್ಲ. ಆದ್ದರಿಂದ ನೀರಿನವರು ಬೀದಿಗೆ ಬಂದರೆಂದು ಸುಳಿವು ಸಿಕ್ಕ ಕೂಡಲೇ ಹಸುಗಳು ಹಿತ್ತಿಲ ಗೋಡೆಯಾಚೆ ಹೋಗುತ್ತವೆ, ಸೊಸೆಯಂದಿರು ತವರಿಗೆ ಹೋಗುತ್ತಾರೆ, ಸ್ನಾನದ ಮನೆಯೊಳಗೆ ಸೌದೆ ತುಂಬಿಕೊಳ್ಳುತ್ತದೆ. ಆ ಒಂದು ಮಧ್ಯಾಹ್ನದ ಮಟ್ಟಿಗೆ ನಮ್ಮಷ್ಟು ಬಡ, ಬಾಯಾರಿಕೆಯಿಲ್ಲದ, ಮೈತೊಳೆಯದ ಜನ ಇಡೀ ಫರ್ಗಾನಾ ಕಣಿವೆಯಲ್ಲಿ ಸಿಗುವುದಿಲ್ಲ.

ಇದೇ ಬೀದಿ ಸಿರಿವಂತವಾಗುವುದು ಹೆಣ್ಣು ಕೇಳಲು ಬಂದವರ ಮುಂದೆ.

ಹೋಸಿಯತ್ ನನ್ನ ಗೋಡೆಯಾಚೆಯ ನೆರೆಯವಳು. ಗಂಡ ತೀರಿಕೊಂಡ ಮೇಲೆ ಟೋಪಿಗಳಿಗೆ ಕಸೂತಿ ಹಾಕಿ ಒಬ್ಬಳೇ ಮಗಳನ್ನು ಬೆಳೆಸಿದಳು. ಮಗಳು ಮುಹಯ್ಯೋ, ರೇಷ್ಮೆ ನೂಲಿಗೆ ಬಣ್ಣ ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ. ಬೆರಳ ತುದಿಗಳು ಯಾವಾಗಲೂ ನೀಲಿ. ಇವರಿಬ್ಬರ ಜೊತೆಗೆ ಕಿವಿ ಕೇಳದ ಅತ್ತೆ. ಅಲ್ಲಿಗೆ ಸಂಸಾರ ಮುಗಿಯಿತು. ಹೆಣ್ಣು ಕೇಳಲು ಎರಡು ಕಡೆಯವರು ಬಂದಿದ್ದರು. ಎರಡೂ ಕಡೆಯವರು ಚಹಾ ಕುಡಿದು, ದ್ರಾಕ್ಷಿ ತಿಂದು, ದುವಾ ಮಾಡಿ ಹೋದವರು ತಿರುಗಿ ಬರಲಿಲ್ಲ. ಎರಡನೆಯವರು ಬೀದಿಯ ತಿರುವಿನಲ್ಲಿ, ಹುಡುಗಿ ಚೆನ್ನಾಗಿದ್ದಾಳೆ, ಆದರೆ ಅಂಗಳ ಖಾಲಿ ಎಂದರಂತೆ. ಆ ಮಾತನ್ನು ಹೋಸಿಯತಳಿಗೆ ತಲುಪಿಸಲು ನಮ್ಮ ಬೀದಿಯ ಹೆಂಗಸರು ಓಡುತ್ತಲೇ ಬಂದರು. ಇಂಥ ಸೇವೆಯಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ.

ಆ ಬೇಸಿಗೆಯಲ್ಲಿ ಮೂರನೆಯ ಸಂಬಂಧದ ಸುದ್ದಿ ಬಂತು. ಹುಡುಗ ಮಖ್ಸುದ್, ಊರೊಳಗೆ ಮಿನಿಬಸ್ ಓಡಿಸುವವನು. ತಾಯಿಯಿಲ್ಲದ ಅವನನ್ನು ಸಾಕಿದ ಸೋದರತ್ತೆ, ಹಿರಿಯಳೆಂದು ಎಲ್ಲರೂ ಖಾಲಾ ಎನ್ನುವ ಕರೋಮತ್, ಯಾವಾಗಲಾದರೂ ಬರಬಹುದು ಎಂದು ಯಾರೋ ಹೇಳಿದರು. ಮಖ್ಸುದನ ಹೆಸರು ಕಿವಿಗೆ ಬಿದ್ದಾಗ ಮುಹಯ್ಯೋ ನನಗೆ ಚಹಾ ಬಗ್ಗಿಸುತ್ತಿದ್ದಳು. ಚಹಾ ಬಟ್ಟಲಿಗೆ ಬೀಳದೆ ಹಾಸಿದ ಬಟ್ಟೆಯ ಮೇಲೆ ಬಿತ್ತು. ದಿನವೂ ಅವನ ಬಸ್ಸಿನಲ್ಲೇ ಅವಳು ಕೆಲಸಕ್ಕೆ ಹೋಗುವುದೆಂದು ನಾನು ಕೇಳದೆಯೇ ತಿಳಿದುಕೊಂಡೆ. ಈ ಸಲವೂ ಬಂದವರು ತಿರುಗಿ ಬರದಿದ್ದರೆ ಹುಡುಗಿ ಬಸ್ಸು ಬಿಟ್ಟು ನಡೆದುಕೊಂಡೇ ಹೋಗುವಳೆಂದೂ ತಿಳಿಯಿತು.

ಕರೋಮತ್ ಖಾಲಾ ಇರುವುದು ಕಾಲುವೆಯ ದಂಡೆಯ ಬೀದಿಗಳಲ್ಲಿ. ಆ ಭಾಗಕ್ಕೆ ನಾವು ‘ನೀರಿನ ಕಡೆ’ ಎನ್ನುತ್ತೇವೆ. ಅನಾಹುತವೆಲ್ಲ ಈ ಒಂದು ಮಾತಿನಿಂದ.

ಒಂದು ಸುಡುಬಿಸಿಲಿನ ಮಧ್ಯಾಹ್ನ ಇಬ್ಬರು ಹೆಂಗಸರು ಹೋಸಿಯತಳ ಗೇಟು ತಟ್ಟಿದರು. ಒಬ್ಬಳು ಕನ್ನಡಕದವಳು, ಇನ್ನೊಬ್ಬಳು ಚಿಕ್ಕವಳು. ಚಿಕ್ಕವಳ ಕೈಯಲ್ಲಿ ಹೂಬಟ್ಟೆಯಲ್ಲಿ ಕಟ್ಟಿದ ತಂದೂರಿನ ರೊಟ್ಟಿ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯೊಂದಿಗೆ ಇಬ್ಬರು ಹೆಂಗಸರು ಹುಡುಗಿಯಿರುವ ಮನೆಯ ಗೇಟಿನಲ್ಲಿ ನಿಂತರೆ ಅದರ ಅರ್ಥ ನಮ್ಮಲ್ಲಿ ಒಂದೇ.

“ನಾವು ನೀರಿನ ಕಡೆಯವರು. ಮನೆ ನೋಡಬೇಕಿತ್ತು,” ಎಂದಳು ಕನ್ನಡಕದವಳು.

ಹೋಸಿಯತ್ ಅವರನ್ನು ಒಳಗೆ ಕರೆದು ಕೂರಿಸಿ, ಗೋಡೆಯ ಮೇಲಿಂದ ನನ್ನನ್ನು ಕೂಗಿದಳು. ಕಾವ್ಯ ಓದುವ ಹೆಂಗಸರ ಕೂಟಗಳಲ್ಲಿ ಚಿಕ್ಕಂದಿನಿಂದ ಸುಮ್ಮನೆ ಕೂತು ಕೇಳಿದವಳು ನಾನು. ಹಾಗಾಗಿ ನನ್ನನ್ನು ಮರ್ಯಾದಸ್ಥಳೆಂದು ಇಂಥ ಸಂದರ್ಭಗಳಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ನನ್ನ ಕೆಲಸ ತಲೆಯಾಡಿಸುವುದು. ಹೆಣ್ಣು ಕೇಳಲು ಬಂದವರು ಮೊದಲ ಸಲ ಬಂದ ಕಾರಣ ಹೇಳುವುದಿಲ್ಲ. ಬಂದದ್ದೇಕೆಂದು ಕೇಳುವುದು ಮನೆಯವರಿಗೆ ಹೀನಾಯ. ಆದ್ದರಿಂದ ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ನೀರಿನ ಕಚೇರಿಯ ಹಳದಿ ಮೇಲಂಗಿಗಳನ್ನು ಆ ಇಬ್ಬರು ಸೆಖೆಗೆ ಕಳಚಿ ಚೀಲದಲ್ಲಿ ಇಟ್ಟಿದ್ದರೆಂದೂ ರೊಟ್ಟಿಯನ್ನು ಮನೆಗೆಂದು ದಾರಿಯಲ್ಲಿ ಕೊಂಡಿದ್ದರೆಂದೂ ಆಮೇಲೆ ಗೊತ್ತಾಯಿತು.

ಕನ್ನಡಕದ ಜುಮ್ರದ್ ನೇರವಾಗಿ ವಿಷಯಕ್ಕೆ ಬಂದಳು. ಮನೆಯಲ್ಲಿ ಎಷ್ಟು ಜನ? ದೇವರ ದಯೆ, ತುಂಬಿದ ಮನೆ ಎಂದಳು ಹೋಸಿಯತ್. ಇಬ್ಬರು ಮೈದುನರು ಹೆಂಡತಿ ಮಕ್ಕಳೊಂದಿಗೆ ಇಲ್ಲೇ ಇದ್ದಾರೆ. ಮೈದುನರು ಅಂದಿಜಾನಿಗೆ ಹೋಗಿ ನೆಲೆಸಿ, ಹಬ್ಬಕ್ಕೂ ಈ ಕಡೆ ತಲೆಹಾಕದವರು. ಹಸು? ಎರಡು, ಮೇಯಲು ಹೋಗಿವೆ. ಕೈತೋಟ? ಹಿತ್ತಿಲ ಆಚೆ ತುದಿಯವರೆಗೂ. ಅವಳ ಆ ಹಿತ್ತಿಲಿಗೆ ಒಂದೇ ತುದಿ. ಅದರಲ್ಲಿ ನಾಲ್ಕು ಟೊಮೇಟೊ ಗಿಡ. ಸ್ನಾನದ ಮನೆ? ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು.

“ಕಾರು ಉಂಟೋ?”

“ಮೈದುನಂದು. ದಿನಾ ತೊಳೀತಾನೆ. ಶುಚಿ ಅಂದ್ರೆ ನಮ್ಮನೇವ್ರಿಗೆ ಒಂಥರಾ ಹುಚ್ಚು.”

ಚಿಕ್ಕವಳು, ದಿಲ್ರಬೋ, ಎಲ್ಲವನ್ನೂ ಬರೆದುಕೊಂಡಳು. ಬಂದವರು ಬರೆದುಕೊಳ್ಳುವುದನ್ನು ಕಂಡು ಹೋಸಿಯತ್ ಹಿಗ್ಗಿದಳು. ಎಂಥ ಶಿಸ್ತಿನ ಬೀಗರು ಎಂದು ನನ್ನ ಕಡೆ ಕಣ್ಣು ಹಾಯಿಸಿದಳು. ನಾನು ತಲೆಯಾಡಿಸಿದೆ. ಜುಮ್ರದ್ ಕನ್ನಡಕ ತೆಗೆದು ಒರೆಸಿಕೊಂಡಳು. ಇದ್ದದ್ದಕ್ಕಿಂತ ಹೆಚ್ಚು ಹೇಳಿದ ಮನೆಯನ್ನು ಅವಳು ಈ ನೌಕರಿಯಲ್ಲಿ ಕಂಡೇ ಇರಲಿಲ್ಲ.

“ನಿಮ್ಮಂಥ ಸತ್ಯವಂತರು ಊರಿಗೊಬ್ಬರಿದ್ರೆ ನಮ್ಮ ಕೆಲ್ಸ ದೇವರ ಇಬಾದತ್ ಆಗ್ತಿತ್ತು, ಓಪಾ,” ಎಂದಳು, ಅಕ್ಕನನ್ನು ಕರೆಯುವ ಹಾಗೆ.

ತಿಂಗಳ ಕೊನೆಗೆ ಕಚೇರಿಯ ಚೀಟಿ ಬಂತು: ತೊಂಬತ್ತನಾಲ್ಕು ಘನ ಮೀಟರ್. ಅಷ್ಟು ನೀರು ನಿಜವಾಗಿ ಬಂದಿದ್ದರೆ ನೂಹ್ ಪ್ರವಾದಿಯ ನೌಕೆ ಹೋಸಿಯತಳ ಅಂಗಳದಿಂದಲೇ ಹೊರಡಬಹುದಿತ್ತು. ಅವಳು ಚೀಟಿ ಹಿಡಿದು ನನ್ನ ಹೊಸ್ತಿಲ ಮೇಲೆ ಕೂತಳು. ಬಂದವರು ಯಾರೆಂದು ಆಗ ತಿಳಿಯಿತು. ನೀರಿನ ಖರ್ಚಿಗಿಂತಲೂ, ಬಂದವರು ಮಗಳನ್ನು ಕೇಳಲು ಬಂದವರಲ್ಲ ಎಂಬುದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ಅದೇ ದಿನ ಅವಳು ಮೊಹಲ್ಲಾದ ಯಜಮಾನರ ಕೈಯಿಂದ ಒಂದು ಅರ್ಜಿ ಬರೆಸಿ ಕಳಿಸಿದಳು: ನಮ್ಮ ಮನೆಯಲ್ಲಿ ಹಸು ಇಲ್ಲ, ಬಂದು ನೋಡಿ.

ಅರ್ಜಿ ಹೋದ ಮೇಲೆ ನಿಜವಾದ ನೀರಿನ ಕಡೆಯಿಂದ ಸುದ್ದಿ ಬಂತು. ಕರೋಮತ್ ಖಾಲಾ ಗುರುವಾರ ಬರುತ್ತಾಳೆ. ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತು ಈಗಾಗಲೇ ವಿಚಾರಿಸಿದ್ದಾಳೆ. ಅಲ್ಲಿದ್ದವರು, ಬೀಗರು ಬಂದುಹೋದರೆಂಬ ಸಂಭ್ರಮದಲ್ಲಿ ಹೋಸಿಯತ್ ತಾನೇ ಬೀದಿಗೆಲ್ಲ ಹಂಚಿದ್ದ ಹಸು, ಕಾರು, ತೋಟದ ಮಾತನ್ನು ಧಾರಾಳವಾಗಿ ಅವಳಿಗೆ ಬಡಿಸಿದ್ದರು. ಎರಡು ಹಸುಗಳನ್ನು ಕಣ್ಣಾರೆ ಕಂಡವರೇ ಹಲವರು ಸಿಕ್ಕಿದರು. ಒಬ್ಬಳಂತೂ ಅವುಗಳ ಹಾಲಿನ ಕೆನೆ ಎಷ್ಟು ದಪ್ಪವೆಂದು ಬೆರಳಿನಲ್ಲಿ ತೋರಿಸಿದಳಂತೆ.

ಅರ್ಜಿ ವಾಪಸು ತಗೊಳ್ಳುತ್ತೇನೆ ಎಂದಳು ಹೋಸಿಯತ್. ಹಸುಗಳು ಇನ್ನೊಂದಿಷ್ಟು ದಿನ ನೀರು ಕುಡಿದುಕೊಂಡಿರಲಿ, ಮಾತು ಮುಗಿದ ಮೇಲೆ ನೋಡೋಣ ಎಂದಳು. ಮುಹಯ್ಯೋ ಬೇಡವೆಂದಳು. ಅಮ್ಮ, ಹೇಳಿಬಿಡೋಣ ಎಂದಳು. ಹೇಳಿದರೆ ಅವರೂ ದ್ರಾಕ್ಷಿ ತಿಂದು ಹೋಗುತ್ತಾರೆ ಎಂದಳು ತಾಯಿ. ಮಗಳು ನೀಲಿ ಬೆರಳುಗಳನ್ನು ಅಂಗಿಯ ಅಂಚಿನಲ್ಲಿ ಒರೆಸುತ್ತ ನಿಂತಳು, ಆ ನೀಲಿ ಒರೆಸಿದರೆ ಹೋಗುವಂಥದ್ದಲ್ಲ.

ಇಷ್ಟೆಲ್ಲ ಕಾಲ ಒಂದು ಮೀಟರನ್ನು ಹಿಂದಿರುಗಿಸಲಾಗದ ಕಚೇರಿ, ಈ ಅರ್ಜಿಗೆ ಮಾತ್ರ ತಡಮಾಡಲಿಲ್ಲ. ಗುರುವಾರವೇ ಬಂತು.

ಗುರುವಾರ ಕರೋಮತ್ ಖಾಲಾ ತನ್ನ ನಾದಿನಿಯೊಂದಿಗೆ ಬಂದು, ಹೂಬಟ್ಟೆಯ ರೊಟ್ಟಿಯನ್ನು ನೆಲಕ್ಕೆ ಹಾಸಿದ ಊಟದ ಬಟ್ಟೆ ದಸ್ತರಖಾನದ ನಡುವೆ ಇಟ್ಟು, ಹೊಸ ಹಾಸಿಗೆಗಳ ಮೇಲೆ ಕೂತಿದ್ದಳು. ದೊಡ್ಡ ಮೈಯ, ಸಣ್ಣ ಕಣ್ಣುಗಳ ಹೆಂಗಸು. ಬಂದ ಕಾರಣ ಹೇಳದೆ ತನ್ನ ಮನೆಯನ್ನು ಹೊಗಳಿದಳು. ಸಂಜೆ ಊಟಕ್ಕೆ ಕೂತರೆ ಹತ್ತು ಜನ, ಹೆಂಚು ಹಾಕಿಸಿದ ಸ್ನಾನದ ಮನೆ, ತೋಟದಲ್ಲಿ ಸೇಬಿನ ಭಾರಕ್ಕೆ ಕೊಂಬೆಗೆ ಊರುಗೋಲು ಕೊಡಬೇಕಾದ ಸ್ಥಿತಿ. ಹೋಸಿಯತ್ ಅವಳಿಗೆ ಬಟ್ಟಲ ತಳದಷ್ಟೇ ಚಹಾ ಹಾಕುತ್ತಿದ್ದಳು. ಸ್ವಲ್ಪವೇ ಹಾಕಿದರೆ ಇನ್ನೂ ಕೂತಿರಿ, ಮತ್ತೆ ಮತ್ತೆ ಬಗ್ಗಿಸುತ್ತೇವೆ ಎಂದರ್ಥ. ತುಂಬ ಹಾಕಿದರೆ, ಕುಡಿದು ಹೊರಡಿ.

ಆಗ ಗೇಟು ತಟ್ಟಿತು. ಈ ಸಲ ಹಳದಿ ಮೇಲಂಗಿ ತೊಟ್ಟೇ ಜುಮ್ರದ್ ಮತ್ತು ದಿಲ್ರಬೋ ನಿಂತಿದ್ದರು. ದಸ್ತರಖಾನ ಹಾಸಿದ ಹೊತ್ತಿನಲ್ಲಿ ಬಂದವರನ್ನು ಗೇಟಿನಿಂದ ಕಳಿಸುವಂತಿಲ್ಲ. ಅವರನ್ನೂ ಕೂರಿಸಿದ್ದಾಯಿತು. ಹೋಸಿಯತ್ ಜುಮ್ರದಳ ಬಟ್ಟಲಿಗೆ ಅಂಚಿನವರೆಗೆ, ತುಳುಕುವಂತೆ ಚಹಾ ಬಗ್ಗಿಸಿದಳು. ಸರ್ಕಾರಿ ಕೆಲಸದವರಿಗೆ ಯಾವ ಮನೆಯಲ್ಲೂ ಬೇರೆ ರೀತಿ ಬಗ್ಗಿಸುವುದಿಲ್ಲವಾಗಿ, ಜುಮ್ರದ್ ಅದನ್ನು ಪ್ರೀತಿಯೆಂದೇ ತಿಳಿದು ನಿಧಾನವಾಗಿ ಕುಡಿದಳು. ಆಮೇಲೆ ಕಾಗದ ಬಿಚ್ಚಿದಳು.

“ಓಪಾ, ಹೋದ ಸಲ ಎರಡು ಹಸು ಅಂದ್ರಿ. ಈಗ ಹಸು ಇಲ್ಲ ಅಂತ ಅರ್ಜಿ. ಯಾವ್ದು ನಿಜ?”

ಕರೋಮತ್ ಖಾಲಾ ಬಟ್ಟಲನ್ನು ಕೆಳಗಿಟ್ಟಳು. ಹೋಸಿಯತಳಿಗೆ ಎರಡು ಹಸು ಎಂದರೆ ತೊಂಬತ್ತನಾಲ್ಕು ಘನ ಮೀಟರ್, ಇಲ್ಲ ಎಂದರೆ ಖಾಲಿ ಅಂಗಳ. ಮುಹಯ್ಯೋ ಚಹಾದ ಕೆಟಲ್ ಹಿಡಿದು ಬಾಗಿಲಲ್ಲಿದ್ದಳು.

“ಹಸು ಇಲ್ಲ,” ಎಂದಳು ಹುಡುಗಿ. “ಕಾರೂ ಇಲ್ಲ, ಸ್ನಾನದ್ಮನೇನೂ ಇಲ್ಲ. ಅಂಗಳದಲ್ಲಿ ಒಂದು ನಲ್ಲಿ. ನಾನು, ಅಮ್ಮ, ಅಜ್ಜಿ. ಅಷ್ಟೇ.”

“ಮುಹಯ್ಯೋ, ಚಹಾ ಆರ್ತಾ ಇದೆ. ಒಳಗ್ಹೋಗು,” ಎಂದಳು ಹೋಸಿಯತ್.

“ಹೋಗ್ತೀನಮ್ಮ. ಇಲ್ಲದ ಹಸು ಬಾಲ ಹಿಡ್ಕೊಂಡು ಮಾತ್ರ ಯಾರ ಮನೆಗೂ ಹೋಗಲ್ಲ.”

ಹೇಳಿದಳು, ಆದರೆ ಕಾಲು ಕೀಳಲಿಲ್ಲ. ದಿಲ್ರಬೋ ಬರೆದುಕೊಂಡಳು. ಜುಮ್ರದ್ ಕನ್ನಡಕದ ಮೇಲಿಂದ ಕರೋಮತ್ ಖಾಲಾಳನ್ನೇ ನೋಡತೊಡಗಿದಳು. ಖಾಲಾ ತಲೆವಸ್ತ್ರವನ್ನು ಹಣೆಯ ಮೇಲೆ ಎಳೆದುಕೊಂಡಳು.

“ಖಾಲಾ, ಕಾಲುವೆ ಪಕ್ಕದ ನೀಲಿ ಗೇಟಿನ ಮನೆಯವರಲ್ವಾ ನೀವು? ಇರೋದು ಇಬ್ರೇ, ಸ್ನಾನಕ್ಕೆ ಊರ ಹಮಾಮಿಗೆ ಹೋಗ್ತೀವಿ ಅಂತ ಬರೆಸಿದ್ರಿ. ತೋಟ ಒಣಗಿ ಕಡ್ಡಿ ಆಗಿದೆ ಅಂದಿದ್ರಿ.”

ನಾದಿನಿಯ ಗಂಟಲಿನಲ್ಲಿ ದ್ರಾಕ್ಷಿ ಸಿಕ್ಕಿಕೊಂಡಿತು. ಈಗಷ್ಟೇ ಊರುಗೋಲು ಕೊಟ್ಟು ನಿಲ್ಲಿಸಿದ್ದ ಸೇಬಿನ ಕೊಂಬೆಗಳು ಆ ಕೋಣೆಯಲ್ಲಿ ಒಂದೊಂದಾಗಿ ಮುರಿದು ಬಿದ್ದ ಹಾಗಾಯಿತು. ಹೋಸಿಯತ್ ಮೆಲ್ಲಗೆ ತಲೆಯೆತ್ತಿದಳು. ನನ್ನನ್ನು ಕರೆಸಿದ್ದೇ ತಲೆಯಾಡಿಸಲು. ಯಾರ ಪರವಾಗಿ ಆಡಿಸಬೇಕೆಂದು ತಿಳಿಯದೆ ಸುಮ್ಮನಿದ್ದೆ. ಲೇಖನಿ ಹಿಡಿದ ದಿಲ್ರಬೋ (ಅವಳದೇನೂ ತಪ್ಪಿಲ್ಲ) ಖಾಲಾಳ ಮನೆಯ ಲೆಕ್ಕವನ್ನೂ ಈಗಲೇ ತಿದ್ದಿಬಿಡಲೇ ಎಂದು ವಿನಯದಿಂದ ಕೇಳಿದಳು.

ಖಾಲಾ ಎದ್ದು ಹೋಗಬಹುದಿತ್ತು. ಎದ್ದೇ ಹೋಗುತ್ತಾಳೆಂದುಕೊಂಡೆವು. ಅವಳು ಬಾಗಿಲ ಕಡೆ ತಿರುಗಿ ಮುಹಯ್ಯೋಳ ಮುಖವನ್ನು, ಕೆಟಲನ್ನು, ನೀಲಿ ಬೆರಳುಗಳನ್ನು ನೋಡಿದಳು. ಮುಹಯ್ಯೋ ಕಣ್ಣು ತಗ್ಗಿಸಲಿಲ್ಲ. ಅಳು ಬರದಂತೆ ತುಟಿ ಕಚ್ಚಿಕೊಂಡಿದ್ದಳು.

“ತಿದ್ದು ಮಗಳೇ,” ಎಂದಳು ಖಾಲಾ. “ಇರೋದು ಆರು ಜನ. ಹತ್ತೂ ಅಲ್ಲ, ಎರಡೂ ಅಲ್ಲ. ಅದ್ರ ಮುಂದೆ ಇನ್ನೊಬ್ರನ್ನ ಸೇರಿಸ್ಕೋ.”

“ಯಾರನ್ನ ಖಾಲಾ?”

“ಇವಳನ್ನ, ಇವಳು ಒಪ್ಪಿದ್ರೆ. ನಮ್ಮನೇಲಿ ಸುಳ್ಳು ಹೇಳೋಕೆ ನಾನೊಬ್ಳೇ ಸಾಕು. ನಿಜ ಹೇಳೋಕೆ ಒಬ್ರು ಕಮ್ಮಿ ಇದ್ರು.”

ಖಾಲಾ ಹೂಬಟ್ಟೆ ಬಿಚ್ಚಿ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು, ಮುರಿಯಲಿಲ್ಲ. ರೊಟ್ಟಿ ಮುರಿದರೆ ಸಂಬಂಧ ಗಟ್ಟಿಯಾದಂತೆ. ಎಲ್ಲರೂ ಹುಡುಗಿಯನ್ನು ನೋಡಿದರು. ಮುಹಯ್ಯೋ ಬಂದು ಮಂಡಿಯೂರಿ, ಖಾಲಾಳ ಬಟ್ಟಲಿಗೆ ಚಹಾ ಬಗ್ಗಿಸಿದಳು. ತಳದಷ್ಟೇ. ರೊಟ್ಟಿ ಮುರಿಯಿತು. ಹೋಸಿಯತ್ ಮುಖಕ್ಕೆ ತಲೆವಸ್ತ್ರದ ತುದಿ ಒತ್ತಿಕೊಂಡಳು, ನಾನು ಕೊನೆಗೂ ತಲೆಯಾಡಿಸಿದೆ.

ಜುಮ್ರದ್ ಮಾತ್ರ ಕಚೇರಿಯ ಮರ್ಯಾದೆ ಬಿಡಲಿಲ್ಲ. ಮನೆಯ ಲೆಕ್ಕಕ್ಕೆ ಒಬ್ಬರನ್ನು ಸೇರಿಸಲು ಬಾಯಿಮಾತು ಸಾಕು, ಇವತ್ತಿನಿಂದಲೇ ಜಾರಿ. ತೆಗೆಯಲು ಮೊಹಲ್ಲಾದ ಮುದ್ರೆ, ಮದುವೆಯ ಪ್ರಮಾಣಪತ್ರ, ಇನ್ನೂ ಏನೇನೋ ಬೇಕು ಎಂದಳು. ಹಸುಗಳ ವಿಷಯದಲ್ಲೂ ನ್ಯಾಯ ಮಾಡಿದಳು. ಅರ್ಜಿಯಲ್ಲಿ ‘ಹಸು ಇಲ್ಲ’ ಎಂದಿದೆ, ‘ಹಸುಗಳು ಇಲ್ಲ’ ಎಂದಿಲ್ಲ. ಆದ್ದರಿಂದ ಒಂದನ್ನು ಹೊಡೆದುಹಾಕಿ ಇನ್ನೊಂದನ್ನು ಪರಿಶೀಲನೆಗೆ ಇಟ್ಟುಕೊಂಡಳು. ಅದು ಇಂದಿಗೂ ಪರಿಶೀಲನೆಯಲ್ಲಿದೆ, ದೇವರ ದಯೆಯಿಂದ ಆರೋಗ್ಯವಾಗಿದೆ, ಚೆನ್ನಾಗಿ ನೀರು ಕುಡಿಯುತ್ತಿದೆ.

ದಾಳಿಂಬೆ ಕೊಯ್ಯುವ ಹೊತ್ತಿಗೆ ಮುಹಯ್ಯೋ ಕಾಲುವೆಯ ದಂಡೆಗೆ ಹೋದಳು. ಅವಳನ್ನು ಕರೆದೊಯ್ದದ್ದು ಅದೇ ಮಿನಿಬಸ್ಸು; ಆ ದಿನ ಮಾತ್ರ ಅದು ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಕಚೇರಿಯ ಲೆಕ್ಕದಲ್ಲಿ ಅವಳು ಈಗಲೂ ಎರಡೂ ಮನೆಗಳಲ್ಲಿ ನೀರು ಕುಡಿಯುತ್ತಾಳೆ, ಎರಡೂ ಮನೆಗಳಲ್ಲಿ ಮೈತೊಳೆಯುತ್ತಾಳೆ. ಇಲ್ಲಿನ ಲೆಕ್ಕದಿಂದ ಅವಳ ಹೆಸರು ತೆಗೆಸಿಬಿಡು, ಮುದ್ರೆ ನಾನು ಹಾಕಿಸಿಕೊಡುತ್ತೇನೆ ಎಂದು ಮೊನ್ನೆ ಗೋಡೆಯ ಮೇಲಿಂದ ಹೋಸಿಯತಳಿಗೆ ಹೇಳಿದೆ.

“ಇರ್ಲಿ ಬಿಡಿ, ಓಪಾ,” ಎಂದಳು. “ಅವಳ ಹೆಸರಿನ ನೀರು ಇಲ್ಲೂ ಬರ್ತಾ ಇರ್ಲಿ.”