ಕ್ಲಾರಿಯ ಕೆಂಪು ಇಂಜಿನ್ನು

ನಮ್ಮೂರಿನಲ್ಲಿ ಎರಡು ಚರ್ಚುಗಳಿವೆ. ಆದರೆ ಜನ ಜಗಳವಾಡುವುದು ಕಾರುಗಳ ವಿಷಯಕ್ಕೆ. ಗೋಧಿ ಬೆಳೆಯುವ ಈ ಬಯಲಿನಲ್ಲಿ ಮಗು ಹುಟ್ಟಿದರೆ ಅದು ಹೋಲ್ಡನ್ ಮನೆಯದೋ ಫೋರ್ಡ್ ಮನೆಯದೋ ಎನ್ನುವುದು ಹೆಸರಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಎರಡೂ ಕಂಪನಿಗಳು ಈ ದೇಶದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸಿ ವರ್ಷಗಳಾದವು. ಭಕ್ತಿ ಮಾತ್ರ ಕಡಿಮೆಯಾಗಿಲ್ಲ.

ಹಳೆಯ ಹೋಲ್ಡನ್‌ಗಳ ಕ್ಲಬ್ಬನ್ನು ಕಟ್ಟಿದವನು ಕ್ಲಾರಿ ಹಾಕಿಂಗ್. ಕ್ಲಬ್ಬು ಸಹಿ ಹಾಕಿಕೊಟ್ಟರೆ ಹಳೆಯ ಗಾಡಿಗೆ ವರ್ಷಕ್ಕೆ ಇಂತಿಷ್ಟು ದಿನ ರಸ್ತೆಗಿಳಿಯುವ ಪರವಾನಗಿ ಸಿಗುತ್ತದೆ. ಯಾರ ಗಾಡಿಯಲ್ಲಿ ಯಾವ ಇಂಜಿನ್ನಿದೆ ಎಂದು ಬಾನೆಟ್ಟೆತ್ತಿ ನೋಡುವ ಪರೀಕ್ಷಕನೂ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕ್ಲಾರಿಯೇ ಆಗಿದ್ದ. ತನ್ನ ಗಾಡಿಗೆ ತಾನೇ ಸಹಿ ಹಾಕಿಕೊಳ್ಳುತ್ತಿದ್ದ. ಪಾದ್ರಿಯ ಬಳಿ ಬ್ಯಾಪ್ಟಿಸಮ್ಮಿನ ಚೀಟಿ ಕೇಳುವವರುಂಟೆ?

ಈಸ್ಟರ್ ಹೊತ್ತಿಗೆ ಕ್ಲಾರಿ ತೀರಿಕೊಂಡ. ಅವನ ಎಪ್ಪತ್ತೆರಡರ ಮಾಡೆಲ್ಲಿನ ಹೋಲ್ಡನ್ ಕಿಂಗ್ಸ್‌ವುಡ್ ಕಾರು ಹೆಂಡತಿ ಮರ್ಲ್ ಹೆಸರಿಗಾಗಬೇಕಿತ್ತು. ಮರ್ಲ್‌ಗೆ ಓಡಿಸಿ ಅಭ್ಯಾಸವಿದ್ದದ್ದು ಅದೊಂದೇ ಗಾಡಿ. ಪ್ರತಿ ಗುರುವಾರ ಅರವತ್ತು ಕಿಲೋಮೀಟರು ದೂರದ ವೃದ್ಧರ ಆಸ್ಪತ್ರೆಯಲ್ಲಿರುವ ತಂಗಿಯನ್ನು ನೋಡಲು ಹೋಗುತ್ತಿದ್ದದ್ದು ಅದರಲ್ಲೇ. ನಮ್ಮ ಕಡೆ ಬಸ್ಸಿಲ್ಲ. ಪರವಾನಗಿ ತಪ್ಪಿದರೆ ಗುರುವಾರವೂ ತಪ್ಪಿತು.

ಹೊಸ ಪರೀಕ್ಷಕ ಡೆಸ್ ವಾಲಿಸ್. ಕ್ಲಬ್ಬಿನ ಕಾರ್ಯದರ್ಶಿ ನಾನು, ಬೆರಿಲ್. ಇಬ್ಬರೂ ಅರ್ಜಿ ಹಿಡಿದು ಮರ್ಲ್ ಮನೆಯ ಶೆಡ್ಡಿಗೆ ಹೋದೆವು. ಡೆಸ್ ಬಾನೆಟ್ಟೆತ್ತಿ ಒಂದು ಕ್ಷಣ ನೋಡಿದ.

"ಕೆಂಪಗಿದೆ. ಹೋಲ್ಡನ್ ಸಿಕ್ಸ್ ಸಿಲಿಂಡರು. ಬರ್ಕೊ ಬೆರಿಲ್."

ಆ ಕಾಲದ ಹೋಲ್ಡನ್ ಇಂಜಿನ್ನುಗಳ ಬಣ್ಣ ಕೆಂಪು. ನಮ್ಮವರು ಇಂಜಿನ್ನಿನ ಜಾತಿ ಹೇಳುವುದು ಹೀಗೆಯೇ, ದೂರದಿಂದ, ಕಣ್ಣಳತೆಯಲ್ಲಿ.

"ಇಂಜಿನ್ನಿನ ನಂಬರು ಬೇಕಲ್ಲೋ," ಎಂದೆ.

"ಕ್ಲಾರಿ ಗಾಡಿಗೆ ನಂಬರು ಕೇಳ್ತೀಯಾ? ನಾಚ್ಕೆ ಆಗಲ್ವಾ ನಿಂಗೆ?"

"ನಾಚ್ಕೆಗೆ ಅರ್ಜೀಲಿ ಜಾಗ ಇಲ್ಲ. ನಂಬರಿಗಿದೆ."

ಗೊಣಗುತ್ತ ಡೆಸ್ ಟಾರ್ಚು ಹಿಡಿದು ಬಗ್ಗಿದ. ನಂಬರು ಕೊರೆದಿರಬೇಕಾದ ಜಾಗವನ್ನು ಚಿಂದಿ ಬಟ್ಟೆಯಿಂದ ಒರೆಸಿದ. ಮತ್ತೆ ಒರೆಸಿದ. ಗಾಡಿಯನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ ಅಲ್ಲಿಯೂ ಬಗ್ಗಿದ. ವಾಪಸು ಬಂದಾಗ ಅವನ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

"ಕಾರ್ಬುರೇಟರ್ ಕೂತಿರೋ ಈ ಪೈಪು ನೋಡು," ಎಂದ ಮೆಲ್ಲಗೆ. "ನಮ್ಮದಾಗಿದ್ರೆ ಬೋಲ್ಟ್ ಹಾಕಿ ಕೂರಿಸಿರ್ತಾರೆ. ಇದು ಹೆಡ್ಡಿನ ಜೊತೇಲೇ ಎರಕ ಹೊಯ್ದಿರೋದು."

"ಹಾಗಂದ್ರೆ?"

ಡೆಸ್ ಕೀಲಿಕೈ ತುದಿಯಿಂದ ಒಂದು ಮೂಲೆಯಲ್ಲಿ ಬಣ್ಣ ಕೆರೆದ. ಕೆಂಪಿನಡಿಯಲ್ಲಿ ನೀಲಿ ಕಂಡಿತು. ಫೋರ್ಡಿನ ನೀಲಿ.

ಅಷ್ಟರಲ್ಲಿ ಮರ್ಲ್ ಚಹಾ, ಖರ್ಜೂರದ ಸ್ಕೋನು ಬನ್ನುಗಳ ತಟ್ಟೆ ಹಿಡಿದು ಬಂದಳು. ನಮ್ಮಿಬ್ಬರ ಮುಖ ನೋಡಿ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು.

"ಗೊತ್ತಾಯ್ತಾ? ಅದು ನಮ್ಮಪ್ಪನ ಫೋರ್ಡ್ ಫಾಲ್ಕನ್‌ದು," ಎಂದಳು. "ಸಕ್ಕರೆ ಎಷ್ಟು ಡೆಸ್, ಎರಡಾ?"

"ಮರ್ಲ್, ಏನಮ್ಮಾ ಇದು!"

"ನಮ್ಮಪ್ಪ ಫೋರ್ಡಿನೋನು, ಮರೆತ್ಯಾ? ಕ್ಲಾರಿ ಹತ್ರ ಇಪ್ಪತ್ತು ವರ್ಷ ನೆಟ್ಟಗೆ ಮಾತಾಡ್ಲಿಲ್ಲ. ಸಾಯೋ ವಾರ ಕರೆದು, ಗಾಡಿ ತುಕ್ಕು ಹಿಡಿದೋಯ್ತು ಕಣಯ್ಯಾ, ಇಂಜಿನ್ನಾದ್ರೂ ಉಳಿಸ್ಕೋ ಅಂದ. ಆಗ ಸುಗ್ಗಿ. ಇವನ ಇಂಜಿನ್ನು ಕೆಟ್ಟು ಕೂತಿತ್ತು. ಇಂಜಿನ್ನು ಕೂರೋ ಬ್ರಾಕೆಟ್ಟುಗಳನ್ನೆಲ್ಲ ತಾನೇ ಬೆಸುಗೆ ಹಾಕಿ ಕೂರಿಸ್ದ. ಆಮೇಲೆ ಬಣ್ಣ ಬಳಿದ."

"ಮೂವತ್ತು ವರ್ಷ! ಸರ್ಕಾರದವ್ರಿಗಾದ್ರೂ ಹೇಳಿದ್ನಾ?"

"ಇಂಜಿನಿಯರ್ ಕೈಲಿ ಬರೆಸಿ ಆವಾಗ್ಲೇ ಕಳಿಸಿದ್ದ, ಕಾಗದ ಇದೆ. ಅವ್ನು ಸರ್ಕಾರಕ್ಕೆ ಹೆದರ್ತಿರ್ಲಿಲ್ಲ ಡೆಸ್. ನಿಮಗೆ ಹೆದರ್ತಿದ್ದ."

ಡೆಸ್ ಚಹಾ ಕುಡಿದ. ಕಡೆಗೆ ನನ್ನ ಕಡೆ ತಿರುಗಿ, "ಕ್ಲಾರಿ ಪ್ರತಿ ವರ್ಷ ಬರೀತಿದ್ದ ಹಳೇ ನಂಬರೇ ಹಾಕ್ಬಿಡೋಣ. ನಾನೇನೂ ನೋಡ್ಲಿಲ್ಲ," ಎಂದ.

"ಬೇಡ," ಎಂದಳು ಮರ್ಲ್. "ಅವ್ನು ಸುಳ್ಳು ಹೇಳಿದ್ದು ನಮ್ಮಪ್ಪನ ಇಂಜಿನ್ನು ಉಳಿಸೋಕೆ. ನೀನ್ಯಾಕೆ ಹೇಳ್ತೀಯ? ಇದ್ದದ್ದು ಬರಿ."

ಇದ್ದದ್ದನ್ನು ಬರೆದರೆ ಅಧ್ಯಕ್ಷನನ್ನು ಕರೆಯಲೇಬೇಕು. ಅಧ್ಯಕ್ಷ ಆಲ್ಫ್ ಟ್ರೆಜೀಸ್, ಫೋರ್ಡಿನ ಚಕ್ರದ ಮುಚ್ಚಳ ಹಾಕಿಕೊಂಡು ಬಂದವನೊಬ್ಬನನ್ನು ಕ್ಲಬ್ಬಿನ ಮೆರವಣಿಗೆಯಿಂದ ಹಿಂದಕ್ಕೆ ಅಟ್ಟಿದ್ದ ಮನುಷ್ಯ. ಅರ್ಧ ಗಂಟೆಯಲ್ಲಿ ಬಂದ. ಇಂಜಿನ್ನಿನ ಮುಂದೆ ನಿಂತು ಹೆಣ ನೋಡಲು ಬಂದವನಂತೆ ಟೋಪಿ ತೆಗೆದ.

"ಬೇರೆ ಕಂಪ್ನಿ ಇಂಜಿನ್ನಿಗೆ ಸಹಿ ಇಲ್ಲ. ನಿಯಮ ನಿಯಮಾನೇ ಮರ್ಲ್. ಕ್ಲಾರೀನೇ ಬರೆದದ್ದು."

"ಗೊತ್ತು. ನಮ್ಮ ಅಡಿಗೆಮನೆ ಮೇಜಿನ ಮೇಲೇ ಬರೆದ. ಹತ್ತು ಸಲ ಹರಿದು ಹಾಕಿ ಬರೆದ."

"ನಂಗೂ ಸಂಕ್ಟಾನೇ. ಆದ್ರೆ ಏನ್ಮಾಡ್ಲಿ? ಇದನ್ನ ಕೂರಿಸಿದ್ದು ಯಾವ ವರ್ಷ?"

"ತೊಂಬತ್ತಮೂರು."

ಆಲ್ಫ್ ಟೋಪಿಯನ್ನು ಹಾಕಿಕೊಳ್ಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ತೊಂಬತ್ತೇಳರಲ್ಲಿ ಬ್ರೋಕನ್ ಹಿಲ್ ದಾರಿಯಲ್ಲಿ ಅವನ ಗಾಡಿ ನಿಂತುಹೋಗಿತ್ತು. ಕ್ಲಾರಿ ಇದೇ ಕಿಂಗ್ಸ್‌ವುಡ್ಡಿನಿಂದ ಅದಕ್ಕೆ ಹಗ್ಗ ಕಟ್ಟಿ ನೂರ ನಲವತ್ತು ಕಿಲೋಮೀಟರು ಎಳೆದು ತಂದಿದ್ದ. ಹೋಲ್ಡನ್ನಿನ ತಾಕತ್ತಿಗೆ ಸಾಕ್ಷಿಯಾಗಿ ಆ ಕಥೆಯನ್ನು ಆಲ್ಫ್ ಪ್ರತಿ ವಾರ್ಷಿಕೋತ್ಸವದ ಊಟದಲ್ಲಿ ಎದ್ದು ನಿಂತು ಹೇಳುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಫೋರ್ಡಿನವರೂ ಅದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ.

"ಹಾಗಾದ್ರೆ ಆವತ್ತು ನನ್ನ ಎಳ್ಕೊಂಡು ಬಂದಿದ್ದು..."

"ಹೂಂ," ಎಂದಳು ಮರ್ಲ್. "ನೀನು ಇಳಿದವನೇ ಬಾನೆಟ್ಟು ತಟ್ಟಿ ಮುತ್ತು ಕೊಟ್ಟೆಯಂತೆ. ಕ್ಲಾರಿ ಎರಡು ದಿನ ನಕ್ಕ."

ಡೆಸ್ ಸ್ಕೋನನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದ. ಅವನ ಹೆಗಲುಗಳು ಅಲುಗುತ್ತಿದ್ದವು.

ಆಲ್ಫ್ ನನ್ನ ಕಡೆ ತಿರುಗಿದ. "ಬೆರಿಲ್, ಅರ್ಜಿ ತಿರಸ್ಕರಿಸಿದ್ರೆ ಕಾರಣ ಹೇಳ್ಬೇಕಾ?"

"ತುಂಬಿದ ಸಭೇಲಿ ಓದ್ಬೇಕು. ಇಂಜಿನ್ನು ಯಾವುದು, ಯಾವಾಗ ಕೂರಿಸಿದ್ದು, ಎಲ್ಲಾನೂ."

"ಒಪ್ಕೊಂಡ್ರೆ?"

"ಒಪ್ಕೊಂಡಿದ್ದಕ್ಕೆ ಕಾರಣ ಯಾರೂ ಕೇಳಲ್ಲ."

"ಅಧ್ಯಕ್ಷರಿಗೆ ವಿಶೇಷಾಧಿಕಾರ ಅಂತ ಒಂದಿತ್ತಲ್ಲ?"

"ಇದೆ. ಯಾರೂ ಬಳಸಿಲ್ಲ."

"ಪೆನ್ನು ಕೊಡು," ಎಂದ ಆಲ್ಫ್.

ಇಂಜಿನ್ನು ಯಾವುದೆಂಬ ಜಾಗದಲ್ಲಿ ನಾನು ಫೋರ್ಡ್ ಎಂದೇ ಬರೆದೆ. ಡೆಸ್ ಹುಡುಕಿಕೊಟ್ಟ ಸರಿಯಾದ ನಂಬರನ್ನೂ ಬರೆದೆ. ಅದರ ಕೆಳಗೆ ಆಲ್ಫ್ ಕಣ್ಣು ಬೇರೆಡೆ ಇಟ್ಟು ಸಹಿ ಹಾಕಿದ.

ಎರಡು ವಾರದ ಮೇಲೆ, ಗುರುವಾರ ಬೆಳಿಗ್ಗೆ, ಮರ್ಲ್ ತನ್ನ ಹೊಸ ಪರವಾನಗಿಯೊಂದಿಗೆ ಆಲ್ಫ್‌ನ ಹೊಲದ ಗೇಟಿನ ಮುಂದೆ ಹಾದುಹೋದಳಂತೆ. ಆಲ್ಫ್ ಅಲ್ಲೇ ಬೇಲಿ ಬಿಗಿಯುತ್ತಿದ್ದ. ಎಂದಿನ ನಮಸ್ಕಾರಕ್ಕೆ ಮರ್ಲ್ ಸ್ಟೇರಿಂಗಿನ ಮೇಲಿಂದ ಒಂದು ಬೆರಳೆತ್ತಿದಳು. ಅವನು ಕೈಯೆತ್ತಲಿಲ್ಲ, ಗೋಧಿಯ ಕಡೆ ತಿರುಗಿ ನಿಂತ. ಆದರೆ ಗಾಡಿಯ ಸದ್ದು ಪೂರ್ತಿ ಅಡಗುವವರೆಗೂ ಕೆಲಸಕ್ಕೆ ಕೈ ಹಾಕಲಿಲ್ಲ.