ಎಡಗೈಯ ಹಿಡಿತ

ರಾಷ್ಟ್ರಗೀತೆ ಮುಗಿಯುವಷ್ಟರಲ್ಲಿ ಅವನ ಎಡಗೈ ಮತ್ತೆ ಮರಗಟ್ಟಿತ್ತು. ಪಕ್ಕದಲ್ಲಿದ್ದ ಭಾವನ ಹೆಗಲ ಮೇಲೆ ಕೈ ಇತ್ತು ನಿಜ. ಆದರೆ ಅದು ಅಲ್ಲಿದೆಯೆಂದು ತಿಳಿಯುತ್ತಿದ್ದದ್ದು ಕಣ್ಣಿಗೆ ಮಾತ್ರ. ಸ್ಟೇಡಿಯಂ ತುಂಬ ಜನ "ಗೋಡೆ! ಗೋಡೆ!" ಎಂದು ಕೂಗುತ್ತಿದ್ದರು. ದೇಶದ ರಗ್ಬಿ ತಂಡ ಸೇರಿದಾಗಿನಿಂದ ಅವನಿಗೆ ಅಂಟಿಕೊಂಡ ಹೆಸರು.

"ಏನೋ, ಮುಖ ಹೀಗೆ ಬಿಳಿಚ್ಕೊಂಡಿದೆ? ನಿಮ್ಮಕ್ಕ ನೋಡಿದ್ರೆ ನಾನೇ ಏನೋ ಮಾಡ್ದೆ ಅಂತಾಳೆ," ಎಂದ ಭಾವ.

"ಏನಿಲ್ಲ ಬಿಡಿ ಭಾವ. ಚಳಿ."

ಕುತ್ತಿಗೆಯಿಂದ ಬೆರಳ ತುದಿಯವರೆಗೆ ಮಿಂಚು ಹರಿದಂತಾಗಿ, ಆಮೇಲೆ ಕೈಯೇ ಇಲ್ಲವೆನಿಸುವ ಈ ಕಾಟ ಹೋದ ಪಂದ್ಯದಲ್ಲಿ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಂಡದ ಡಾಕ್ಟರು ಹೊರಗೆ ಕೂರಿಸಿಬಿಡುತ್ತಿದ್ದರು. ಒಮ್ಮೆ ಕೂತರೆ ಮತ್ತೆ ಯಾರು ಕರೆಯುತ್ತಾರೆ? ತಳ್ಳುವುದು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ರೆಫರಿ ಸ್ಕ್ರಮ್‌ಗೆ ಸೀಟಿ ಊದಿದ. ಎರಡೂ ಕಡೆಯ ಎಂಟೆಂಟು ಜನ ಬಗ್ಗಿ, ಹೆಗಲಿಗೆ ಹೆಗಲು ಕೊಟ್ಟು ತಳ್ಳಬೇಕು. ಮೊದಲ ಸಾಲಿನ ನಡುವೆ ಭಾವ. ಅವನ ಎರಡು ಕೈಗಳೂ ಅಕ್ಕಪಕ್ಕದವರ ಮೇಲೆ. ಬಿದ್ದರೆ ನೆಲಕ್ಕೆ ಊರಲು ಕೈಯಿಲ್ಲ. ಅವನನ್ನು ಎತ್ತಿ ಹಿಡಿಯಬೇಕಾದವರು ಆ ಇಬ್ಬರೇ. ಬಲಕ್ಕೆ ಗೋಡೆ.

ಡಿಕ್ಕಿಯಾದ ರಭಸಕ್ಕೆ ಕುತ್ತಿಗೆಯಲ್ಲಿ ಮಿಂಚು ಹೊಡೆಯಿತು. ಭಾವನ ಅಂಗಿ ಬೆರಳುಗಳಿಂದ ಜಾರಿತು. ಇಡೀ ಸಾಲು ಕುಸಿಯಿತು.

"ಏಳ್ರೋ! ಮೇಲೇಳ್ರೋ!" ಯಾರೋ ಕಿರುಚಿದರು. ಒಬ್ಬೊಬ್ಬರಾಗಿ ಎದ್ದರು. ಭಾವ ಏಳಲಿಲ್ಲ. ಹುಲ್ಲಿಗೆ ಮುಖ ಒತ್ತಿ ಬಿದ್ದಿದ್ದ.

"ಭಾವ..." ಗೋಡೆ ಪಕ್ಕದಲ್ಲಿ ಮಂಡಿಯೂರಿದ. "ಭಾವ!"

ಒಂದು ಕಾಲು ಅಲುಗಿತು. ಭಾವ ಮಗ್ಗುಲಾಗಿ, ಬಾಯಲ್ಲಿದ್ದ ಹುಲ್ಲು ಉಗಿದ. "ಉಪ್ಪು ಕಮ್ಮಿ ಕಣೋ," ಎಂದು ನಗಲು ನೋಡಿದ. ಆಮೇಲೆ ಮೆಲ್ಲಗೆ, "ಯಾಕೋ ಕೈ ಬಿಟ್ಟೆ?"

ಮತ್ತೆ ಸ್ಕ್ರಮ್ ಎಂದು ರೆಫರಿ ಸನ್ನೆ ಮಾಡಿದ. ಎಲ್ಲರೂ ಬಗ್ಗಿದರು. ಗೋಡೆ ನಿಂತೇ ಇದ್ದ.

"ಬಾರೋ, ಏನ್ ನೋಡ್ತಿದೀಯ?"

"ನನ್ನಿಂದಾಗಲ್ಲ ಭಾವ. ಕೈಲಿ ಹಿಡಿತಾನೇ ಇಲ್ಲ."

"ಈಗ ಹೇಳ್ತಿದೀಯಾ?"

ಅವನು ಅಂಚಿನ ಗೆರೆಯತ್ತ ನಡೆದ. ಕುಂಟಲಿಲ್ಲ, ಮೈಮೇಲೆ ರಕ್ತವಿರಲಿಲ್ಲ. ಜನಕ್ಕೆ ಏನೂ ಅರ್ಥವಾಗಲಿಲ್ಲ. ಮೊದಲು ಗುಸುಗುಸು, ಒಳಕೋಣೆಗೆ ಹೋಗುವ ಸುರಂಗದ ಬಾಯಿಗೆ ಬರುವಾಗ ಯಾರೋ "ಹೇಡಿ!" ಎಂದರು, ಉಳಿದವರು ದನಿಗೂಡಿಸಿದರು.

ಒಳಗೆ ಡಾಕ್ಟರು ಅವನನ್ನು ಮಲಗಿಸಿ, ಕುತ್ತಿಗೆಗೆ ಗಟ್ಟಿ ಪಟ್ಟಿ ಬಿಗಿದರು. "ಅಲ್ಲಾಡ್ಬೇಡಿ. ಇನ್ನೊಂದ್ಸಲ ಬಗ್ಗಿದ್ರೆ ನೀವು ನಡ್ಕೊಂಡ್ ಬರ್ತಿರ್ಲಿಲ್ಲ," ಎಂದು ಆಂಬ್ಯುಲೆನ್ಸ್ ಕರೆಯಲು ಹೋದರು.

ಗ್ಯಾಲರಿಯಲ್ಲಿದ್ದ ಅಕ್ಕ ಓಡಿಬಂದಳು.

"ಯಾವಾಗಿಂದ?"

"ಹೋದ ಮ್ಯಾಚಿಂದ."

"ಗೊತ್ತಿದ್ದೂ ಅವರ ಪಕ್ಕ ನಿಂತ್ಯಾ?"

ಅವನು ಸೂರು ನೋಡುತ್ತ ಮಲಗಿದ್ದ. ಅಕ್ಕ ಹೊರಟುಹೋಗುತ್ತಾಳೆ ಅಂದುಕೊಂಡ. ಅವಳು ಸ್ಟೂಲು ಎಳೆದುಕೊಂಡು ಕೂತಳು.

ಅಷ್ಟರಲ್ಲಿ ಹೊರಗಿನ ಗದ್ದಲ ತಟ್ಟನೆ ಇಳಿಯಿತು. ಆ ನಿಶ್ಶಬ್ದ ಇಬ್ಬರಿಗೂ ಗೊತ್ತಿದ್ದದ್ದೇ. ಮತ್ತೊಂದು ಸ್ಕ್ರಮ್, ಭಾವ ತಲೆ ತಗ್ಗಿಸುತ್ತಿದ್ದಾನೆ. ಗೋಡೆ ಕಷ್ಟಪಟ್ಟು ಕಣ್ಣಷ್ಟೇ ಹೊರಳಿಸಿದ. ಅಕ್ಕ ಬಾಗಿಲ ಕಡೆ ನೋಡುತ್ತಿದ್ದಳು. ಅವನ ಎಡಗೈ ಅವಳ ಎರಡೂ ಕೈಗಳ ನಡುವೆ ಇತ್ತು; ನೋಡುವವರೆಗೂ ಅವನಿಗದು ತಿಳಿದಿರಲಿಲ್ಲ. ಅವಳ ಗೆಣ್ಣುಗಳು ಬೆಳ್ಳಗಾಗಿದ್ದವು, ಉಗುರುಗಳು ಅವನ ಅಂಗೈಗೆ ಇಳಿಯುತ್ತಿದ್ದವು.